ನಾದದಿಂದ ಅಂಕಿಗೆ: ಮಿಡಿ ಮತ್ತು ಗಮಕ

ಕೇಶಿರಾಜನು ‘ಶಬ್ದಮಣಿದರ್ಪಣ’ದಲ್ಲಿ ಶಬ್ದದ ಹುಟ್ಟನ್ನು ವಿವರಿಸುವಾಗ ಕಹಳೆಯ ಹೋಲಿಕೆಯನ್ನು ತರುತ್ತಾನೆ. ನಾಭಿಮೂಲದಿಂದ ಏಳುವ ನಾದ ಮೊದಲು, ಅಕ್ಷರ ಅನಂತರ. ನಾದವು ಅಕ್ಷರಕ್ಕೆ ಇಳಿಯುವಾಗ ಕೆಲವಂಶ ಹೊರಗೇ ಉಳಿಯುತ್ತದೆ. ಮರಾಠಿಯಲ್ಲಿ ನಾಲ್ಕೆಂಬ ಅರ್ಥದ ‘ಚಾರ್’, ಒಳ್ಳೆಯದೆಂಬ ಅರ್ಥದ ‘ಚಾಂಗಲಾ’ ಎರಡಕ್ಕೂ ಒಂದೇ ಚಕಾರ. ಉಚ್ಚಾರಣೆ ಮಾತ್ರ ಬೇರೆ. ಓದುಗನು ಭಾಷೆ ಬಲ್ಲವನಾದರೆ ಕೊರತೆಯನ್ನು ತಾನೇ ತುಂಬಿಕೊಳ್ಳುತ್ತಾನೆ. ಯಂತ್ರಕ್ಕೆ ಆ ಬಲವಿಲ್ಲ. ವಾದ್ಯದ ದನಿಯನ್ನು ನುಡಿಸಿದ ಕ್ಷಣದಲ್ಲಿಯೇ ‘ಮಿಡಿ’ ಸಂಕೇತವಾಗಿಸುವ ತಂತ್ರಾಂಶಗಳ ತೊಡಕು ಇದೇ.

ಮಿಡಿ ಎಂಬುದು 1983ರಲ್ಲಿ ಬಳಕೆಗೆ ಬಂದ, ವಿದ್ಯುನ್ಮಾನ ವಾದ್ಯಗಳ ನಡುವಿನ ಸಂಕೇತಭಾಷೆ. ಅದರಲ್ಲಿ ದನಿಯಿಲ್ಲ, ಆಜ್ಞೆಯಿದೆ: ಯಾವ ಸ್ವರ, ಎಷ್ಟು ಬಲ, ಎಲ್ಲಿ ಆರಂಭ, ಎಲ್ಲಿ ಮುಕ್ತಾಯ. ಸ್ವರಗಳಿಗೆ 0ಯಿಂದ 127ರವರೆಗೆ ಸಂಖ್ಯೆಗಳುಂಟು. ಸೆಕೆಂಡಿಗೆ 440 ಕಂಪನಗಳ ಸ್ವರ 69ನೆಯದು.

ಕೀಲಿಮಣೆಯನ್ನು ಒತ್ತಿದರೆ ಸಂಖ್ಯೆ ನೇರವಾಗಿ ದೊರೆಯುತ್ತದೆ. ವೀಣೆ, ಪಿಟೀಲುಗಳಲ್ಲಿ ತಂತ್ರಾಂಶವು ಮೈಕಿನಿಂದ ಬಂದ ಅಲೆಯನ್ನು ಪರೀಕ್ಷಿಸಿ, ಅದು ಎಷ್ಟು ಹೊತ್ತಿಗೊಮ್ಮೆ ಮರುಕಳಿಸುತ್ತದೆಂದು ಅಳೆಯಬೇಕು. ಸೆಕೆಂಡಿಗೆ 110 ಕಂಪನಗಳ ಮಂದ್ರಸ್ವರದಲ್ಲಿ ಒಂದು ಆವರ್ತಕ್ಕೆ ಸುಮಾರು 9 ಮಿಲಿಸೆಕೆಂಡು ಬೇಕು. ಎರಡು ಆವರ್ತಗಳನ್ನಾದರೂ ಹೋಲಿಸಿ ನೋಡುವಷ್ಟರಲ್ಲಿ 18 ಕಳೆದಿರುತ್ತದೆ. ಸ್ವರ ತಗ್ಗಿದಷ್ಟೂ ತಡ ಹೆಚ್ಚು. ಮೀಟಿದ ಕ್ಷಣದ ಸದ್ದಿನಲ್ಲಿ ಸ್ವರವೇ ಸ್ಪಷ್ಟವಿರುವುದಿಲ್ಲ. ಜೊತೆಗೆ ವೀಣೆಯ ಮೂರು ತಾಳದ ತಂತಿಗಳೂ ಝೇಂಕರಿಸಿದರೆ ಯಂತ್ರವು ಇಲ್ಲದ ಸ್ವರವನ್ನು ಬರೆದುಕೊಳ್ಳುವುದುಂಟು.

ಆದರೆ ತಪ್ಪು ತಂತ್ರಾಂಶ ಸುಧಾರಿಸಿದಂತೆ ತಗ್ಗಬಹುದಾದ ದೋಷ. ಆವರ್ತಕ್ಕಾಗಿ ಕಾಯುವ ತಡ ಮಾತ್ರ ಕಂಪ್ಯೂಟರಿನ ವೇಗ ಹೆಚ್ಚಿದರೂ ತಪ್ಪದು. ನಿಜವಾದ ಪ್ರಶ್ನೆ ಗಮಕದ್ದು. ಕರ್ನಾಟಕ ಸಂಗೀತದಲ್ಲಿ ತೋಡಿಯ ಗಾಂಧಾರವು ನಿಂತ ಸ್ವರವಲ್ಲ. ರಿಷಭ ಮಧ್ಯಮಗಳ ನಡುವೆ ತೂಗಾಡುವ ಚಲನೆ. ಕೇಳುಗನಿಗೆ ಅದು ಒಂದೇ ಗಾಂಧಾರ. ತಂತ್ರಾಂಶ ಅದನ್ನು ರಿ, ಗ, ಮ ಎಂದು ತುಂಡರಿಸಿ ಬರೆಯುತ್ತದೆ. ಸ್ವರವನ್ನು ಬಾಗಿಸುವ ಸಂದೇಶ ಮಿಡಿಯಲ್ಲಿ ಇಲ್ಲದಿಲ್ಲ. ಅದಕ್ಕೆ 16,384 ಹಂತಗಳಿವೆ. ಆದರೆ ವಾಡಿಕೆಯ ಹೊಂದಾಣಿಕೆಯಲ್ಲಿ ಅದರ ವ್ಯಾಪ್ತಿ ಮೇಲಕ್ಕೆರಡು, ಕೆಳಕ್ಕೆರಡು ಅರ್ಧಸ್ವರ ಮಾತ್ರ. ವೈಣಿಕರು ಒಂದೇ ಮೆಟ್ಟಿಲಲ್ಲಿ ತಂತಿಯನ್ನೆಳೆದು ಅದನ್ನೂ ಮೀರುತ್ತಾರೆ. ವ್ಯಾಪ್ತಿಯನ್ನು ಹಿಗ್ಗಿಸಿಕೊಂಡರೂ, ಆ ತೂಗಾಟ ಸ್ವರದ ಅಲಂಕಾರವೋ ಸ್ವರವೇ ಅದೋ ಎಂಬುದನ್ನು ಯಂತ್ರ ಅರಿಯದು.

ಈ ವಾದ ಹೊಸದೇನಲ್ಲ. ಸ್ವರದಿಂದ ಸ್ವರಕ್ಕೆ ಜಾರಲು ಬಾರದೆಂಬ ಆಕ್ಷೇಪದಿಂದಲೇ ಹಾರ್ಮೋನಿಯಂಗೆ 1940ರಲ್ಲಿ ಆಕಾಶವಾಣಿಯ ಬಾಗಿಲು ಮುಚ್ಚಿತ್ತು. 1971ರಲ್ಲಿ ಆ ನಿಷೇಧ ಭಾಗಶಃ ಸಡಿಲವಾಯಿತು. ಅಷ್ಟರಲ್ಲಿ ಕಂಪನಿ ನಾಟಕವೂ ಭಜನೆಯೂ ಅದನ್ನು ತಮ್ಮದಾಗಿಸಿಕೊಂಡಿದ್ದವು. ನಿಷೇಧ ಅತಿಯಾಯಿತೆನ್ನಬಹುದು, ಆಕ್ಷೇಪದಲ್ಲಿ ಹುರುಳಿಲ್ಲವೆನ್ನಲಾಗದು.

ಮಾಧವರಂ, ಆದೋನಿಗಳ ಸೀಮೆಗೆ ಇದು ದೂರದ ಮಾತಲ್ಲ. ಪೂರ್ವಾಶ್ರಮದಲ್ಲಿ ವೀಣಾನಿಪುಣರಾಗಿದ್ದರೆಂದು ಪರಂಪರೆ ಹೇಳುವ ರಾಘವೇಂದ್ರಸ್ವಾಮಿಗಳ ಮಂತ್ರಾಲಯ, ವಿಜಯದಾಸರ ಚಿಪ್ಪಗಿರಿ ಎರಡೂ ಈ ಭಾಗದವೇ. ಬಳ್ಳಾರಿ ಜಿಲ್ಲೆಗೆ ಸೇರಿದ್ದ ಆದೋನಿ, ಆಲೂರು ತಾಲ್ಲೂಕುಗಳು 1953ರಲ್ಲಿ ಆಂಧ್ರಕ್ಕೆ ಹೋದವು. ದಾಸರ ಪದಗಳು ಕನ್ನಡದವಾಗಿಯೇ ಉಳಿದವು. ಅವುಗಳ ಸಾಹಿತ್ಯ ಅಚ್ಚಾಗಿದೆ, ಹಾಡುವ ಧಾಟಿ ಬಾಯಿಂದ ಬಾಯಿಗೆ ಬಂದದ್ದು. ಅಂಥ ಧಾಟಿಯನ್ನು ಮಿಡಿಯಾಗಿಸಿಟ್ಟರೆ ಹುಡುಕಲು, ಹೋಲಿಸಲು, ಶ್ರುತಿ ಬದಲಿಸಿ ಕಲಿಸಲು ಬಹಳ ಅನುಕೂಲ. ಮೂಲ ಧ್ವನಿಮುದ್ರಣವನ್ನು ಅಳಿಸಿ ಮಿಡಿಯನ್ನಷ್ಟೇ ಉಳಿಸಿದರೆ, ಮುಂದಿನ ಸಂಶೋಧಕನಿಗೆ ಸಿಗುವುದು ಹಾಡಿದವರ ದನಿಯಲ್ಲ, ತಂತ್ರಾಂಶದ ಊಹೆ. ಹಸ್ತಪ್ರತಿಯನ್ನು ಸುಟ್ಟು ಪರಿಷ್ಕರಣವನ್ನು ಮಾತ್ರ ಇಟ್ಟುಕೊಳ್ಳುವ ಸಂಪಾದಕನನ್ನು ಗ್ರಂಥಸಂಪಾದನಶಾಸ್ತ್ರ ಒಪ್ಪುವುದಿಲ್ಲ.