ಭೂವಿಜ್ಞಾನ ವ್ಯಾಸಂಗ: ಗುಜರಾತಿನ ಕನ್ನಡ ವಿದ್ಯಾರ್ಥಿಗಳು ತಿಳಿದಿರಬೇಕಾದ ಸಂಗತಿಗಳು

ಹನ್ನೆರಡನೆಯ ತರಗತಿಯ ಫಲಿತಾಂಶ ಬಂದೊಡನೆ ನಮ್ಮ ಮನೆಗಳಲ್ಲಿ ನಡೆಯುವ ಚರ್ಚೆ ಸಾಮಾನ್ಯವಾಗಿ ಎಂಜಿನಿಯರಿಂಗ್, ವೈದ್ಯಕೀಯ ಮತ್ತು ಕಂಪ್ಯೂಟರ್ ಶಿಕ್ಷಣಗಳಿಗೇ ಸೀಮಿತವಾಗಿರುತ್ತದೆ. ಭೂವಿಜ್ಞಾನದ ಹೆಸರು ಅಲ್ಲಿ ಕೇಳಿಬರುವುದು ಅಪರೂಪ. ಕೇಳಿಬಂದರೂ, ಕಲ್ಲು ಮಣ್ಣು ಓದಿದರೆ ಹೊಟ್ಟೆಗೇನು ಎಂದು ಹಿರಿಯರು ಕೇಳುತ್ತಾರೆ. ಆ ಪ್ರಶ್ನೆ ನ್ಯಾಯವಾದದ್ದೇ. ಮಕ್ಕಳ ಐದಾರು ವರ್ಷಗಳು ಈ ಒಂದು ನಿರ್ಧಾರವನ್ನು ಅವಲಂಬಿಸಿರುವುದರಿಂದ, ಈ ವಿಷಯದ ಅನುಕೂಲಗಳನ್ನೂ ಮಿತಿಗಳನ್ನೂ ಇಲ್ಲಿ ಸಂಕ್ಷೇಪವಾಗಿ ವಿವರಿಸಲಾಗಿದೆ.

ನಾವು ವಾಸಿಸುವ ನೆಲ

ಭೂವಿಜ್ಞಾನದ ವಿದ್ಯಾರ್ಥಿಗೆ ಗುಜರಾತ್ ಒಂದು ತೆರೆದ ಪ್ರಯೋಗಾಲಯವೇ ಸರಿ. ಸೂರತ್ತಿನ ವರಾಛಾದಲ್ಲಿ ರತ್ನಕಲಾಕಾರರು ಹೊಳಪು ನೀಡುವ ನೈಸರ್ಗಿಕ ವಜ್ರಗಳಲ್ಲಿ ಬಹುಪಾಲು ಭೂಮಿಯೊಳಗೆ 150 ಕಿ.ಮೀ. ಅಥವಾ ಅದಕ್ಕೂ ಹೆಚ್ಚಿನ ಆಳದಲ್ಲಿ ರೂಪುಗೊಂಡು, ಕಿಂಬರ್ಲೈಟ್‌ನಂತಹ ಅಗ್ನಿಶಿಲೆಗಳೊಡನೆ ಮೇಲೆ ಬಂದವು. ಸೂರತ್ ಜಿಲ್ಲೆಯ ವಸ್ತಾನ್ ಲಿಗ್ನೈಟ್ ಗಣಿಯಲ್ಲಿ 5 ಕೋಟಿ ವರ್ಷಗಳಿಗೂ ಹಿಂದಿನ ಸಸ್ತನಿಗಳ ಪಳೆಯುಳಿಕೆಗಳು ದೊರೆತಿವೆ. ಸಮೀಪದ ಅಂಕಲೇಶ್ವರದಲ್ಲಿ 1960ರಲ್ಲಿ ತೈಲ ಪತ್ತೆಯಾಯಿತು. 2001ರ ಜನವರಿ 26ರ ಕಚ್ಛ್ ಭೂಕಂಪದ ತರುವಾಯ ಗಾಂಧಿನಗರದಲ್ಲಿ ಭೂಕಂಪ ಸಂಶೋಧನಾ ಸಂಸ್ಥೆ ಸ್ಥಾಪನೆಗೊಂಡಿತು.

ಕರ್ನಾಟಕದೊಡನೆಯೂ ಈ ನೆಲಕ್ಕೆ ಬಾಂಧವ್ಯವಿದೆ. ಸುಮಾರು 6.6 ಕೋಟಿ ವರ್ಷಗಳ ಹಿಂದೆ ಹರಿದ ದಖ್ಖನ್ ಲಾವಾದಿಂದ ಉಂಟಾದ ಕಪ್ಪು ಶಿಲೆ ದಕ್ಷಿಣ ಗುಜರಾತಿನಲ್ಲಿಯೂ ಇದೆ, ನಮ್ಮ ಬೆಳಗಾವಿ ವಿಜಯಪುರಗಳಲ್ಲಿಯೂ ಇದೆ. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆಯಿಂದ 1891ರಲ್ಲಿ ನಿವೃತ್ತರಾದ ರಾಬರ್ಟ್ ಬ್ರೂಸ್ ಫೂಟ್ ಅವರು ಬರೋಡಾ ಸಂಸ್ಥಾನದ ಭೂವಿಜ್ಞಾನಿಯಾಗಿ ದುಡಿದು, 1894ರಲ್ಲಿ ಆರಂಭವಾದ ಮೈಸೂರು ಭೂವಿಜ್ಞಾನ ಇಲಾಖೆಯ ಮೊದಲ ಮುಖ್ಯಸ್ಥರಾದರು. ಬರೋಡಾದ ಪ್ರಾಧ್ಯಾಪಕ ಎಸ್.ಎಸ್. ಮೇರ್ಹ್ ಅವರು ಗುಜರಾತಿನ ಭೂವಿಜ್ಞಾನವನ್ನು ಕುರಿತು ಬರೆದ ಗ್ರಂಥವನ್ನು 1995ರಲ್ಲಿ ಪ್ರಕಟಿಸಿದ್ದು ಬೆಂಗಳೂರಿನ ಭಾರತೀಯ ಭೂವೈಜ್ಞಾನಿಕ ಸಂಘ.

ವ್ಯಾಸಂಗದ ಹಾದಿ

ವಿಜ್ಞಾನ ವಿಭಾಗದಲ್ಲಿ ಹನ್ನೆರಡನೆಯ ತರಗತಿ ಮುಗಿಸಿದವರು ಬಿ.ಎಸ್‌ಸಿ.ಗೆ ಸೇರಬಹುದು. ಗಣಿತ ಕಡ್ಡಾಯವೇ ಎಂಬುದನ್ನು ಆಯಾ ವಿಶ್ವವಿದ್ಯಾಲಯದ ಪ್ರವೇಶ ನಿಯಮಗಳಲ್ಲಿ ನೋಡಿಕೊಳ್ಳಬೇಕು. ವಡೋದರಾದ ಮಹಾರಾಜಾ ಸಯಾಜಿರಾವ್ ವಿಶ್ವವಿದ್ಯಾಲಯ ಮತ್ತು ಅಹಮದಾಬಾದಿನ ಎಂ.ಜಿ. ಸೈನ್ಸ್ ಇನ್‌ಸ್ಟಿಟ್ಯೂಟ್ ಇಲ್ಲಿನವರಿಗೆ ಸಮೀಪದ ಕೇಂದ್ರಗಳು. ತವರಿನಲ್ಲಿ ಓದಬಯಸುವವರಿಗೆ ಮೈಸೂರು, ಧಾರವಾಡ, ಬೆಂಗಳೂರು ವಿಶ್ವವಿದ್ಯಾಲಯಗಳಿವೆ. ಐ.ಐ.ಟಿ.ಗಳಲ್ಲಿ ಎಂ.ಎಸ್‌ಸಿ. ಮಾಡಲು 'ಜಾಮ್' ಪ್ರವೇಶ ಪರೀಕ್ಷೆಯಲ್ಲಿ ಭೂವಿಜ್ಞಾನದ ಪತ್ರಿಕೆಯಿದೆ.

ಖನಿಜಶಾಸ್ತ್ರ, ಶಿಲಾಶಾಸ್ತ್ರ, ಪಳೆಯುಳಿಕೆಗಳ ಅಧ್ಯಯನ, ಅಂತರ್ಜಲ ವಿಜ್ಞಾನ ಮೊದಲಾದವು ಮುಖ್ಯ ಪಠ್ಯಗಳು. ಇವುಗಳ ಜೊತೆಗೆ ಸುತ್ತಿಗೆ, ದಿಕ್ಸೂಚಿ, ನಕ್ಷೆಗಳನ್ನು ಹಿಡಿದು ಬೆಟ್ಟ, ಹೊಳೆ, ಗಣಿಗಳಲ್ಲಿ ನಡೆಸುವ ಕ್ಷೇತ್ರಾಧ್ಯಯನವೂ ಇದೆ. ಬಿಸಿಲಿನಲ್ಲಿ ನಡೆಯಲು ಮನಸ್ಸಿಲ್ಲದವರಿಗೆ ಈ ವಿದ್ಯೆ ಒಗ್ಗುವುದು ಕಷ್ಟ.

ಉದ್ಯೋಗದ ದಾರಿಗಳು

ಸರ್ಕಾರಿ ಸೇವೆಗೆ ಮುಖ್ಯ ಬಾಗಿಲು ಕೇಂದ್ರ ಲೋಕಸೇವಾ ಆಯೋಗ ನಡೆಸುವ ಸಂಯುಕ್ತ ಭೂವಿಜ್ಞಾನಿ ಪರೀಕ್ಷೆ. ಭೂವೈಜ್ಞಾನಿಕ ಸರ್ವೇಕ್ಷಣೆಯ ಮತ್ತು ಕೇಂದ್ರ ಅಂತರ್ಜಲ ಮಂಡಳಿಯ ಹುದ್ದೆಗಳಿಗೆ ಇದರ ಮೂಲಕ ಆಯ್ಕೆ ನಡೆಯುತ್ತದೆ. ಸ್ನಾತಕೋತ್ತರ ಪದವಿ ಅವಶ್ಯ. ಒ.ಎನ್.ಜಿ.ಸಿ.ಯಂತಹ ತೈಲ ಸಂಸ್ಥೆಗಳು, ಗುಜರಾತ್ ಖನಿಜ ಅಭಿವೃದ್ಧಿ ನಿಗಮ, ಕರ್ನಾಟಕದ ಹಟ್ಟಿ ಚಿನ್ನದ ಗಣಿ, ಅಣೆಕಟ್ಟು ಹಾಗೂ ಸುರಂಗ ಕಾಮಗಾರಿಗಳಲ್ಲಿಯೂ ಭೂವಿಜ್ಞಾನಿಗಳಿಗೆ ಕೆಲಸವಿದೆ. ಸಂಶೋಧನೆಯಲ್ಲಿ ಆಸಕ್ತಿಯುಳ್ಳವರಿಗೆ ಅಹಮದಾಬಾದಿನ ಭೌತ ಸಂಶೋಧನಾ ಪ್ರಯೋಗಾಲಯ ಮತ್ತು ಬಾಹ್ಯಾಕಾಶ ಉಪಯೋಗ ಕೇಂದ್ರಗಳು ಹತ್ತಿರದಲ್ಲಿಯೇ ಇವೆ.

ಸೂರತ್ತಿನವರಿಗೆ ರತ್ನಪರೀಕ್ಷೆಯ ಹಾದಿಯೂ ಉಂಟು. ಪ್ರಯೋಗಾಲಯದಲ್ಲಿ ಬೆಳೆಸಿದ ವಜ್ರವನ್ನು ಬರಿಗಣ್ಣಿನಿಂದ ನೈಸರ್ಗಿಕ ವಜ್ರದಿಂದ ಬೇರ್ಪಡಿಸಲಾಗದ ಕಾರಣ, ಉಪಕರಣಗಳಿಂದ ಪರೀಕ್ಷಿಸಬಲ್ಲವರು ಬೇಕಾಗುತ್ತಾರೆ. ಖನಿಜಶಾಸ್ತ್ರ ಬಲ್ಲವರಿಗೆ ಇದು ಸುಲಭವಾಗಿ ಒಲಿಯುತ್ತದೆಯಾದರೂ, ಇದಕ್ಕೆ ಪ್ರತ್ಯೇಕ ತರಬೇತಿ ಪಡೆಯಬೇಕು. ಇಂಥ ಶಿಕ್ಷಣಕ್ಕೆಂದೇ ಇಂಡಿಯನ್ ಡೈಮಂಡ್ ಇನ್‌ಸ್ಟಿಟ್ಯೂಟ್ ಸೂರತ್ತಿನಲ್ಲಿದೆ.

ವಿದ್ಯುತ್ ವಾಹನಗಳ ಬ್ಯಾಟರಿಗೆ ಲಿಥಿಯಂ ಬೇಕಾಗಿರುವುದರಿಂದ ಖನಿಜಾನ್ವೇಷಣೆಗೆ ಹೊಸ ಮಹತ್ವ ಬಂದಿದೆ. ಮಂಡ್ಯ ಜಿಲ್ಲೆಯ ಮರ್ಲಗಲ್ಲದಲ್ಲಿ 1,600 ಟನ್ ಲಿಥಿಯಂ ನಿಕ್ಷೇಪವನ್ನು ಅಂದಾಜಿಸಲಾಗಿದೆ. 2025ರ ಜನವರಿಯಲ್ಲಿ ಕೇಂದ್ರ ಸರ್ಕಾರ ನಿರ್ಣಾಯಕ ಖನಿಜಗಳಿಗಾಗಿ ರಾಷ್ಟ್ರೀಯ ಅಭಿಯಾನವೊಂದಕ್ಕೆ ಒಪ್ಪಿಗೆ ನೀಡಿತು.

ಪೋಷಕರು ಗಮನಿಸಬೇಕಾದದ್ದು

ಬಿ.ಎಸ್‌ಸಿ. ಒಂದರಿಂದಲೇ ಒಳ್ಳೆಯ ಹುದ್ದೆ ದೊರೆಯುವುದು ವಿರಳ. ಎಂ.ಎಸ್‌ಸಿ.ವರೆಗೆ ಐದು ವರ್ಷ, ಆಮೇಲೆ ಸ್ಪರ್ಧಾತ್ಮಕ ಪರೀಕ್ಷೆಯ ಸಿದ್ಧತೆ ಎಂದು ಲೆಕ್ಕ ಹಾಕಿಕೊಂಡೇ ಮುಂದುವರಿಯಬೇಕು. ಸರ್ಕಾರಿ ಹುದ್ದೆಗಳ ಸಂಖ್ಯೆ ವರ್ಷದಿಂದ ವರ್ಷಕ್ಕೆ ಏರಿಳಿಯುತ್ತದೆ; ತೈಲ, ಲೋಹಗಳ ಬೆಲೆ ಕುಸಿದಾಗ ಖಾಸಗಿ ನೇಮಕಾತಿಯೂ ಕುಗ್ಗುತ್ತದೆ. ಆದ್ದರಿಂದ ಉಪಗ್ರಹ ಚಿತ್ರಗಳ ವಿಶ್ಲೇಷಣೆ, ಗಣಕ ನಕ್ಷೆ ತಯಾರಿಕೆಗಳಂತಹ ಇನ್ನೊಂದು ಕೌಶಲವನ್ನು ಓದಿನ ಜೊತೆಯಲ್ಲಿಯೇ ಗಳಿಸಿಕೊಳ್ಳುವುದು ಕ್ಷೇಮ.

ಇದು ಹೆಣ್ಣುಮಕ್ಕಳಿಗಲ್ಲ ಎಂಬ ಮಾತಿಗೂ ಈಗ ಆಧಾರವಿಲ್ಲ. ನೆಲದಡಿಯ ಗಣಿಗಳಲ್ಲಿ ತಾಂತ್ರಿಕ ಮತ್ತು ಮೇಲ್ವಿಚಾರಣೆಯ ಕೆಲಸಗಳಿಗೆ ಮಹಿಳೆಯರನ್ನು ನೇಮಿಸಲು 2019ರಲ್ಲಿಯೇ ಅನುಮತಿ ದೊರೆತಿದೆ.

ಬೇರೆಲ್ಲೂ ಸೀಟು ಸಿಗಲಿಲ್ಲವೆಂದು ಭೂವಿಜ್ಞಾನಕ್ಕೆ ಸೇರುವವರಿಗೆ ಈ ಹಾದಿ ದೀರ್ಘವೆನಿಸೀತು. ನೆಲ, ನೀರು, ಶಿಲೆಗಳ ಬಗ್ಗೆ ನಿಜವಾದ ಕುತೂಹಲವುಳ್ಳ ಮಗುವೊಂದು ಮನೆಯಲ್ಲಿದ್ದರೆ, ಅಂಕಪಟ್ಟಿಯ ಜೊತೆಗೆ ಆ ಕುತೂಹಲವನ್ನೂ ಹಿರಿಯರು ಲೆಕ್ಕಕ್ಕೆ ತೆಗೆದುಕೊಳ್ಳಲಿ. ಅರ್ಜಿ ಸಲ್ಲಿಸುವ ಮುನ್ನ ಒಮ್ಮೆ ಮಕ್ಕಳೊಡನೆ ಸಮೀಪದ ಭೂವಿಜ್ಞಾನ ವಿಭಾಗಕ್ಕೆ ಭೇಟಿ ನೀಡಿ ಅಲ್ಲಿನ ಅಧ್ಯಾಪಕರನ್ನೂ ಹಿರಿಯ ವಿದ್ಯಾರ್ಥಿಗಳನ್ನೂ ವಿಚಾರಿಸುವುದು ಒಳಿತು.