ವಯಸ್ಸಾಯಿತಲ್ಲ ಎಂಬುದು ಕಾಯಿಲೆಯ ಹೆಸರಲ್ಲ

ಮುದುಕರು ಕಾಯಿಲೆ ಬಿದ್ದರೆ ಆಸ್ಪತ್ರೆಯಲ್ಲೂ ಮನೆಯಲ್ಲೂ ಕೇಳಿಬರುವ ಮಾತೊಂದುಂಟು: “ವಯಸ್ಸಾಯಿತಲ್ಲ, ಇನ್ನು ಹೀಗೆಯೇ.” ಹೇಳುವವರಿಗೆ ಸಮಾಧಾನ, ಕೇಳುವವರಿಗೂ ಸಮಾಧಾನ. ಆದರೆ ರೋಗಿಗೆ? ಮುಪ್ಪು ದೇಹದ ಶಕ್ತಿಯನ್ನು ಕುಂದಿಸುತ್ತದೆ, ನಿಜ. ಹಾಗೆಂದು ಮುಪ್ಪೇ ರೋಗವಲ್ಲ. ರೋಗ ಬೇರೆ, ವಯಸ್ಸು ಬೇರೆ ಎಂದು ವಿಂಗಡಿಸಿ ನೋಡುವುದೇ ಒಳ್ಳೆಯ ಚಿಕಿತ್ಸೆಯ ಮೊದಲ ಹೆಜ್ಜೆ.

ಈ ತಿಳಿವಳಿಕೆ ಬಂದ ಬಗೆ ಸ್ವಾರಸ್ಯವಾದುದು. 1935ರಲ್ಲಿ ಲಂಡನ್ನಿನ ವೆಸ್ಟ್ ಮಿಡಲ್‌ಸೆಕ್ಸ್ ಆಸ್ಪತ್ರೆಯ ವೈದ್ಯೆ ಮಾರ್ಜರಿ ವಾರನ್ ಅವರ ಪಾಲಿಗೆ ಪಕ್ಕದ ನಿರ್ಗತಿಕರ ದುಡಿಮೆಮನೆಯ ನೂರಾರು ವೃದ್ಧ ರೋಗಿಗಳು ಬಂದರು. ಗುಣವಾಗದವರೆಂದು ಎಲ್ಲರೂ ಕೈಬಿಟ್ಟಿದ್ದ ಜನ. ಆಕೆ ಒಬ್ಬೊಬ್ಬರನ್ನೂ ಪರೀಕ್ಷಿಸಿ, ರೋಗವನ್ನು ಗೊತ್ತುಮಾಡಿ, ಹಾಸಿಗೆಯಿಂದ ಎಬ್ಬಿಸಿ ನಡೆಸಿದರು. ಅನೇಕರು ಆಸ್ಪತ್ರೆ ಬಿಟ್ಟು ಹೊರಟರು. ನಮ್ಮ ದೇಶದಲ್ಲಿ ವೃದ್ಧರಿಗೆಂದೇ ಚಿಕಿತ್ಸಾ ವಿಭಾಗ 1978ರಲ್ಲಿ ಮದರಾಸಿನಲ್ಲಿ ಆರಂಭವಾಯಿತು.

ವಯಸ್ಸಾದವರಲ್ಲಿ ರೋಗ ವೇಷ ಮರೆಸಿಕೊಂಡು ಬರುವುದುಂಟು. ಜ್ವರವಿಲ್ಲದೆ ನ್ಯುಮೋನಿಯ ಬರಬಹುದು, ಎದೆನೋವಿಲ್ಲದೆ ಹೃದಯಾಘಾತವಾಗಬಹುದು. ನಿನ್ನೆಯವರೆಗೆ ಚೆನ್ನಾಗಿ ಮಾತನಾಡುತ್ತಿದ್ದ ಅಜ್ಜಿ ಇಂದು ಮನೆಯವರ ಗುರುತು ಹಿಡಿಯದೆ ಬಡಬಡಿಸಿದರೆ ಅದನ್ನು ಅರುಳುಮರುಳೆಂದು ತಳ್ಳಿಹಾಕಬಾರದು. ಮೂತ್ರದ ಸೋಂಕು, ದೇಹದಲ್ಲಿ ನೀರು ಅಥವಾ ಉಪ್ಪಿನ ಅಂಶದ ಏರುಪೇರು, ಹೊಸದಾಗಿ ಕೊಟ್ಟ ಮಾತ್ರೆ, ಇವುಗಳಲ್ಲಿ ಯಾವುದಾದರೂ ಕಾರಣವಾಗಿರಬಹುದು. ಮರೆವಿನ ರೋಗ ತಿಂಗಳು, ವರ್ಷಗಳಲ್ಲಿ ಮೆಲ್ಲಗೆ ಬರುತ್ತದೆ. ಒಂದೆರಡು ದಿನದಲ್ಲಿ ಬಂದ ಮಂಕಿಗೆ ಕೂಡಲೇ ಕಾರಣ ಹುಡುಕಬೇಕು.

ಇನ್ನು ಔಷಧಿಯ ಮಾತು. ಅರಕಲಗೂಡಿನಲ್ಲಿ ಒಬ್ಬ ವೈದ್ಯರು, ಹಾಸನದಲ್ಲಿ ಇನ್ನೊಬ್ಬರು, ಬೆಂಗಳೂರಿಗೆ ಮಗನ ಮನೆಗೆ ಹೋದಾಗ ಮತ್ತೊಬ್ಬರು. ಚೀಟಿ ಮೂರಾದರೆ ಒಂದೇ ಔಷಧಿ ಬೇರೆ ಬೇರೆ ಹೆಸರಿನಲ್ಲಿ ಎರಡು ಸಲ ಹೊಟ್ಟೆಗೆ ಹೋಗಬಹುದು. ವಯಸ್ಸಾದಂತೆ ಮೂತ್ರಪಿಂಡಗಳ ಶಕ್ತಿ ಕುಗ್ಗುವುದರಿಂದ ಔಷಧಿ ಮೈಯಲ್ಲಿ ಹೆಚ್ಚು ಹೊತ್ತು ನಿಲ್ಲುತ್ತದೆ. ನಿದ್ದೆಯ ಮಾತ್ರೆ ರಾತ್ರಿ ಎದ್ದವರನ್ನು ಬೀಳಿಸೀತು. ನೋವಿನ ಮಾತ್ರೆ ಹೊಟ್ಟೆಯಲ್ಲಿ ರಕ್ತ ಸುರಿಸೀತು. ಮನೆಯಲ್ಲಿರುವ ಮಾತ್ರೆಗಳನ್ನೆಲ್ಲ ಒಂದು ಚೀಲದಲ್ಲಿ ಹಾಕಿಕೊಂಡು ಹೋಗಿ ವೈದ್ಯರ ಮುಂದಿಡಿ. “ಇವುಗಳಲ್ಲಿ ಯಾವುದನ್ನು ಬಿಡಬಹುದು, ಸ್ವಾಮಿ?” ಎಂದು ಕೇಳಿ. ತಾವಾಗಿಯೇ ಮಾತ್ರ ಯಾವುದನ್ನೂ ನಿಲ್ಲಿಸಬೇಡಿ.

ಬಿದ್ದು ಸೊಂಟದ ಬಳಿ ಮೂಳೆ ಮುರಿದವರ ವಿಷಯದಲ್ಲಿ “ಈ ವಯಸ್ಸಿಗೆ ಆಪರೇಷನ್ ಯಾಕೆ?” ಎನ್ನುವವರು ಬಹಳ. ಆದರೆ ತಾಳಿಕೊಳ್ಳಬಲ್ಲವರಿಗೆ ಒಂದೆರಡು ದಿನಗಳೊಳಗೆ ಶಸ್ತ್ರಚಿಕಿತ್ಸೆ ಮಾಡಿ ಬೇಗ ನಡೆಸುವುದೇ ಮೇಲು. ಮಲಗಿದಲ್ಲೇ ಇದ್ದರೆ ಹಾಸಿಗೆಹುಣ್ಣು, ನ್ಯುಮೋನಿಯ ಬೆನ್ನಟ್ಟುತ್ತವೆ. ಹೊರಳಲಾರದ ರೋಗಿಯನ್ನು ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸುತ್ತಿದ್ದಾರೆಯೆ, ಮೂತ್ರದ ನಳಿಕೆ ಇನ್ನೂ ಬೇಕೆ ಎಂದು ವಾರ್ಡಿನಲ್ಲಿ ವಿಚಾರಿಸುವುದು ತಪ್ಪಲ್ಲ.

ಪ್ರಶ್ನೆ ಕೇಳಿದರೆ ವೈದ್ಯರಿಗೆ ಅಗೌರವವೆಂದು ನಮ್ಮ ಕಡೆ ಅಂಜುವವರುಂಟು. ಕಾನೂನು ಹಾಗೆ ಎಣಿಸಿಲ್ಲ. 2007ರ ಹಿರಿಯ ನಾಗರಿಕರ ಕಾಯಿದೆಯ 20ನೆಯ ವಿಧಿ ಸರಕಾರದ ಆಸ್ಪತ್ರೆಗಳಲ್ಲಿ 60 ತುಂಬಿದವರಿಗೆ ಪ್ರತ್ಯೇಕ ಸಾಲು ಮತ್ತು ಸಾಧ್ಯವಾದಮಟ್ಟಿಗೆ ಹಾಸಿಗೆ ಇರಬೇಕೆಂದೂ, ಪ್ರತಿ ಜಿಲ್ಲಾಸ್ಪತ್ರೆಯಲ್ಲಿ ವೃದ್ಧರ ಚಿಕಿತ್ಸೆಯ ಅನುಭವವಿರುವ ವೈದ್ಯಾಧಿಕಾರಿಯ ಕೈಕೆಳಗೆ ಅದಕ್ಕೆಂದೇ ಸೌಕರ್ಯ ಇರಬೇಕೆಂದೂ ಹೇಳುತ್ತದೆ. ಒಳರೋಗಿಯ ಚಿಕಿತ್ಸಾ ದಾಖಲೆಗಳನ್ನು ಕೇಳಿದ 72 ಗಂಟೆಗಳೊಳಗೆ ಕೊಡಬೇಕೆಂಬುದು ವೈದ್ಯರಿಗೆ 2002ರಲ್ಲಿ ವಿಧಿಸಿದ ನಿಯಮ. ಹಣ ಪಡೆದು ಮಾಡುವ ಚಿಕಿತ್ಸೆ ಬಳಕೆದಾರರ ಕಾಯಿದೆಗೆ ಒಳಪಡುತ್ತದೆಂದು ಸುಪ್ರೀಂ ಕೋರ್ಟು 1995ರಲ್ಲೇ ತೀರ್ಪಿತ್ತಿದೆ. ಹಿರಿಯರ ನೆರವಿಗೆ 14567 ಎಂಬ ದೂರವಾಣಿ ಸಂಖ್ಯೆಯೂ ಇದೆ.

ಚಿಕಿತ್ಸೆ ಹೆಚ್ಚಿದಷ್ಟೂ ಒಳ್ಳೆಯದೆಂದು ಇದರ ಅರ್ಥವಲ್ಲ. ಕಡೆಗಾಲದಲ್ಲಿ ಗುಣ ಕಾಣದ ಚಿಕಿತ್ಸೆಗಾಗಿ ಹೊಲ ಅಡವಿಡುವುದಕ್ಕಿಂತ ನೋವು ಶಮನಮಾಡಿ ಮನೆಯಲ್ಲಿ ನೋಡಿಕೊಳ್ಳುವುದು ಮೇಲಾಗಬಹುದು. ಆದ್ದರಿಂದ ಕೇಳಬೇಕಾದ ಪ್ರಶ್ನೆಗಳು ನಾಲ್ಕು: ಇದು ಯಾವ ಕಾಯಿಲೆ? ಈ ಚಿಕಿತ್ಸೆಯಿಂದ ಏನು ಗುಣ? ಏನು ಅಪಾಯ? ಮಾಡದಿದ್ದರೆ ಏನಾದೀತು? ಹೊಳೆನರಸೀಪುರದಿಂದಲೋ ಚನ್ನರಾಯಪಟ್ಟಣದಿಂದಲೋ ಬೆಳಗಿನ ಬಸ್ಸು ಹತ್ತುವ ಮೊದಲು ಇವನ್ನು ಒಂದು ನೋಟುಬುಕ್ಕಿನಲ್ಲಿ ಬರೆದುಕೊಳ್ಳಿ. ಉತ್ತರವನ್ನೂ ಅದರಲ್ಲೇ ಬರೆಯಿರಿ. ದಿನಕ್ಕೊಬ್ಬರು ಜೊತೆಗಿರುವ ಸಂಸಾರಗಳಲ್ಲಿ ಆ ಪುಸ್ತಕವೇ ನೆನಪು.

ಮುಖ್ಯವಾಗಿ, ವೈದ್ಯರು ಮಗನ ಮುಖ ನೋಡಿ ಕೇಳಿದ ಪ್ರಶ್ನೆಗೆ ಮಗನೇ ಉತ್ತರಿಸಬೇಕಾಗಿಲ್ಲ. “ಅಪ್ಪನನ್ನೇ ಕೇಳಿ, ಡಾಕ್ಟರೇ” ಎಂದರೆ ಸಾಕು. ನೋವು ಯಾರದೋ ಮೊದಲ ಮಾತೂ ಅವರದೇ.