ಮನಸ್ಸಿನ ಕಹಿ, ರಕ್ತದ ಸಿಹಿ

ಸಿಡ್ನಿಯ ಪ್ಯಾರಮಾಟದಲ್ಲಿ ನೆಲೆಸಿರುವ ನನಗೆ ಮಧುಮೇಹ ಜೊತೆಯಾಗಿ ಹನ್ನೆರಡು ವರ್ಷಗಳಾದವು. ಒಂದು ಚಳಿಗಾಲದ ರಾತ್ರಿ ಹನ್ನೊಂದು ಗಂಟೆ. ಊರಿನಲ್ಲಿ ಆಗಷ್ಟೇ ದೀಪ ಹಚ್ಚುವ ಹೊತ್ತು. ಮೈಸೂರಿನಿಂದ ತಮ್ಮನ ದೂರವಾಣಿ ಕರೆ ಬಂತು. ಅಮ್ಮ ಬಚ್ಚಲುಮನೆಯಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡಿದ್ದರು. ಇಂಥ ಹೊತ್ತಿನಲ್ಲಿ ಹಿರಿಯ ಮಗನಾದ ನಾನು ಬಳಿಯಲ್ಲಿಲ್ಲವೆಂಬ ಕೊರಗಿನಲ್ಲಿ ನಿದ್ರೆಯಿಲ್ಲದೆ ಬೆಳಗಾಯಿತು.

ಬರಿಹೊಟ್ಟೆಯಲ್ಲಿ ಬೆರಳು ಚುಚ್ಚಿ ನೋಡಿದರೆ ಮಾಪಕದಲ್ಲಿ 13.2! ಇಲ್ಲಿಯ ಅಂಕಿಯನ್ನು 18ರಿಂದ ಗುಣಿಸಿದರೆ ಊರಿನ ಲೆಕ್ಕ ಸಿಗುತ್ತದೆ. ಅಂದರೆ ಸುಮಾರು 238. ಹಿಂದಿನ ದಿನ ಅದು 7ರ ಆಸುಪಾಸಿನಲ್ಲಿತ್ತು. "ಮೈಸೂರುಪಾಕಿನ ಡಬ್ಬಿ ತೆರೆದಿರಾ?" ಎಂದಳು ನನ್ನಾಕೆ. ತೆರೆದಿರಲಿಲ್ಲ. ಆದರೂ ಅಪರಾಧಿಯಂತೆ ತಲೆತಗ್ಗಿಸಿದೆ.

ಮುಂದಿನ ತಿಂಗಳು ಮೆಲ್ಬರ್ನಿನಲ್ಲಿರುವ ಮಗಳ ಮನೆಗೆ ಹೋದಾಗ, ಅಲ್ಲಿಯ ಮಧುಮೇಹ ಶಿಕ್ಷಕಿಯೊಬ್ಬರು ನನ್ನ ಲೆಕ್ಕದ ಪುಸ್ತಕವನ್ನು ತಿರುವಿ, ಆ ಅಂಕಿಯ ಮೇಲೆ ಬೆರಳಿಟ್ಟು, "ಅಂದು ನಿಮಗೇನಾಗಿತ್ತು?" ಎಂದು ಕೇಳಿದರು. ಅಮ್ಮನ ವಿಷಯ ಹೇಳುತ್ತಾ ನನ್ನ ಕಣ್ಣು ತೇವವಾಯಿತು.

ಅವರು ವಿವರಿಸಿದ್ದಿಷ್ಟು. ಭಯ, ಕೋಪ, ಚಿಂತೆಗಳು ಕವಿದಾಗ ಅಡ್ರಿನಲಿನ್, ಕಾರ್ಟಿಸಾಲ್ ಮುಂತಾದ ಹಾರ್ಮೋನುಗಳು ಹೆಚ್ಚುತ್ತವೆ. ಅವುಗಳ ಆಣತಿಯಂತೆ ಯಕೃತ್ತು ತನ್ನ ಉಗ್ರಾಣದ ಸಕ್ಕರೆಯನ್ನು ರಕ್ತಕ್ಕೆ ಬಿಡುತ್ತದೆ. ಇನ್ಸುಲಿನ್ನಿನ ಪ್ರಭಾವವೂ ಕುಗ್ಗುತ್ತದೆ. ಆರೋಗ್ಯವಂತರ ದೇಹ ಹೆಚ್ಚು ಇನ್ಸುಲಿನ್ ಸ್ರವಿಸಿ ಇದನ್ನು ಸರಿದೂಗಿಸುತ್ತದೆ. ಮಧುಮೇಹಿಗಳಿಗೆ ಆ ಶಕ್ತಿ ಸಾಲದು. ಇದು ಹೊಸ ವಿಚಾರವೂ ಅಲ್ಲ. ಹೆದರಿದ ಬೆಕ್ಕುಗಳ ಮೂತ್ರದಲ್ಲಿ ಸಕ್ಕರೆ ಕಾಣಿಸಿಕೊಳ್ಳುವುದನ್ನು ಅಮೆರಿಕದ ಹಾರ್ವರ್ಡಿನ ವಾಲ್ಟರ್ ಕ್ಯಾನನ್ 1911ರಲ್ಲಿಯೇ ತೋರಿಸಿದ್ದರು. ಮಧುಮೇಹಿಗಳ ಮನಸ್ಸು ಮತ್ತು ನಡವಳಿಕೆಗಳ ಅಧ್ಯಯನಕ್ಕೆಂದೇ 2010ರಲ್ಲಿ ಮೆಲ್ಬರ್ನಿನಲ್ಲಿ ಒಂದು ಸಂಶೋಧನಾ ಕೇಂದ್ರ ಸ್ಥಾಪನೆಯಾಯಿತು. ರೋಗಿಯನ್ನು ದೂಷಿಸುವ ಮಾತುಗಳನ್ನು ಬಿಡಬೇಕೆಂದು ಡಯಾಬಿಟಿಸ್ ಆಸ್ಟ್ರೇಲಿಯಾ ಸಂಸ್ಥೆ 2011ರಲ್ಲಿ ಹೇಳಿಕೆಯನ್ನೇ ಹೊರಡಿಸಿತು.

ಒಂದು ಎಚ್ಚರಿಕೆ. ಎಲ್ಲರ ದೇಹವೂ ಒಂದೇ ಬಗೆಯದಲ್ಲ. ಕಳವಳದಲ್ಲಿ ಊಟ ಬಿಟ್ಟು, ಮಾತ್ರೆಯನ್ನೋ ಇನ್ಸುಲಿನ್ನನ್ನೋ ತೆಗೆದುಕೊಂಡರೆ ಸಕ್ಕರೆ ಇಳಿಯಲೂಬಹುದು. ಬೆವರು, ನಡುಕ, ಎದೆಬಡಿತಗಳು ಚಿಂತೆಯಲ್ಲೂ ಬರುತ್ತವೆ, ಸಕ್ಕರೆ ಕುಸಿದಾಗಲೂ ಬರುತ್ತವೆ. ಆದುದರಿಂದ ಮೊದಲು ಪರೀಕ್ಷಿಸಿ ನೋಡಬೇಕು. 4ಕ್ಕಿಂತ ಕಡಿಮೆಯಿದ್ದರೆ ತಡಮಾಡದೆ 15 ಗ್ರಾಮಿನಷ್ಟು ಗ್ಲೂಕೋಸನ್ನೋ ಸಕ್ಕರೆಯನ್ನೋ ಸೇವಿಸಿ, ಹದಿನೈದು ನಿಮಿಷದ ಬಳಿಕ ಮತ್ತೆ ಪರೀಕ್ಷಿಸಬೇಕು. ಚಿಂತೆಯೇ ಕಾರಣವೆಂದು ಊಹಿಸಿ ಔಷಧವನ್ನು ತಾವಾಗಿಯೇ ಬದಲಿಸಬಾರದು.

ಈಗ ನನ್ನ ಪುಸ್ತಕದಲ್ಲಿ ಊಟ, ಔಷಧ, ನಡಿಗೆಗಳ ಪಕ್ಕದಲ್ಲಿ 'ಮನಸ್ಸು' ಎಂಬ ಇನ್ನೊಂದು ಅಂಕಣವಿದೆ. ಅದನ್ನು ಪ್ರತಿ ವಾರ ತುಂಬುವವಳು ನನ್ನಾಕೆಯೇ.

ಸಮ್ಮೇಳನಕ್ಕೆ ಬಂದಿರುವ ಬಂಧುಗಳೇ, ತಾಯ್ನಾಡಿನಿಂದ ಅವೇಳೆಯಲ್ಲಿ ಬರುವ ಕರೆಯ ಭಯ ನಮ್ಮೆಲ್ಲರಿಗೂ ಇದ್ದದ್ದೇ. ಊಟದ ಪಂಕ್ತಿಯಲ್ಲಿ ಪಕ್ಕದವರು ತಮ್ಮ ಸಕ್ಕರೆ ಏರಿದೆಯೆಂದರೆ, ಹೋಳಿಗೆಯ ಲೆಕ್ಕ ಕೇಳುವ ಮೊದಲು "ಊರಲ್ಲಿ ಎಲ್ಲರೂ ಕ್ಷೇಮವೇ?" ಎಂದು ವಿಚಾರಿಸಿ.